ಹದಿನೇಳನೇ ಕಾರ್ಡು

ಮಗ ಮಂಜೇಶ್ ಮಗ್ಗಕ್ಕೆ ತಾನೇ ಡಿಸೈನ್ ಮೂಡಿಸುವ ಕಂಪ್ಯೂಟರ್ ಜಕಾರ್ಡ್ ಹಾಕಿಸಿದ ಮೇಲೆ ಹಳೇ ಡಿಸೈನ್ ರಟ್ಟುಗಳಿಗೆ ಕೆಲಸ ತಪ್ಪಿತು. ತೂತು ಹೊಡೆದು, ಒಂದಕ್ಕೊಂದು ದಾರದಲ್ಲಿ ಪೋಣಿಸಿದ ಉದ್ದುದ್ದ ರಟ್ಟುಗಳು. ಆ ತೂತು ನೋಡಿಕೊಂಡೇ ಮಗ್ಗ ಸೀರೆಗೆ ಹೂ ಹಾಕುತ್ತಿತ್ತು. ಗುಜರಿಯವನು ಬರುವ ಮುಂಚೆ ದಾರ ಬಿಚ್ಚಿಡೋಣವೆಂದು ಅಪ್ಪಯ್ಯಣ್ಣ ಜಗುಲಿಯಲ್ಲಿ ಕೂತ. ಎಪ್ಪತ್ತನಾಲ್ಕು ವರ್ಷ. ಅವಸರ ಅವನ ಜಾಯಮಾನದಲ್ಲೇ ಇಲ್ಲ.

ಮಾವಿನಕಾಯಿ ಬಾರ್ಡರಿನ ಸರದಲ್ಲಿ ಒಂದು ರಟ್ಟಿನ ತುದಿ ಕೈಗೆ ದಪ್ಪವಾಗಿ ಸಿಕ್ಕಿತು. ಹರಿದ ಕಡೆ ಯಾರೋ ತೇಪೆ ಹಾಕಿದ್ದರು. ತಿರುಗಿಸಿದರೆ, ತೇಪೆಯ ಚಿತ್ರದಿಂದ ಬಿಳಿ ಪ್ಯಾಂಟಿನ ಎಡಗೈ ಬೌಲರ್ ಇವನನ್ನೇ ನೋಡುತ್ತಿದ್ದ. ಮೂಲೆಯಲ್ಲಿ ನಂಬರು ಹದಿನೇಳು.

ಅಪ್ಪಯ್ಯಣ್ಣನ ತಾತನ ಕಾಲದಲ್ಲಿ ಕೊಕ್ಕರೆ ಗುರುತಿನ ಸಿಗರೇಟು ಬರುತ್ತಿತ್ತು. ಪ್ಯಾಕು ನಜ್ಜುಗುಜ್ಜಾಗದಿರಲೆಂದು ಒಳಗೊಂದು ಗಟ್ಟಿ ಕಾರ್ಡು, ಬರೀ ಕಾರ್ಡು ಯಾಕೆಂದು ಅದರ ಮೇಲೊಬ್ಬ ಕ್ರಿಕೆಟ್ ಆಟಗಾರ. ಇಪ್ಪತ್ತೈದೂ ಕೂಡಿಸುವ ಆಸೆಗೆ ಜನ ಅದೇ ಸಿಗರೇಟು ಸೇದುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಕಾಗದ ಸಿಗದೆ ಅದು ನಿಂತಿತು. ಅಮೆರಿಕದಲ್ಲಿ ಇದಕ್ಕೂ ಮುಂಚೆಯೇ ಬೇಸ್‌ಬಾಲ್ ಆಡುವವರ ಕಾರ್ಡು ಬರುತ್ತಿದ್ದವಂತೆ, ಈಗಲೂ ಅದಕ್ಕಾಗಿ ಊರೂರು ಅಲೆಯುವವರಿದ್ದಾರಂತೆ. ಮೊಮ್ಮಗಳು ಚೈತ್ರ ಫೋನಿನಲ್ಲಿ ತೋರಿಸಿದ್ದಳು. ಅಪ್ಪಯ್ಯಣ್ಣನ ತಾತ ಮಾತ್ರ ಬ್ರಿಟಿಷ್ ಸೈನ್ಯವಿದ್ದ ದಂಡಿನ ಅಂಗಡಿಗಳಿಗೆ ಸೀರೆ ಹಾಕಲು ಹೋದಾಗ ಬೀದಿಯಲ್ಲಿ ಬಿದ್ದ ಪ್ಯಾಕುಗಳಿಂದಲೇ ಇಪ್ಪತ್ತೈದೂ ಕೂಡಿಸಿಟ್ಟು, ಮುಂದೆ ಮೊಮ್ಮಗ ಅಪ್ಪಯ್ಯಣ್ಣನ ಕೈಗಿಟ್ಟಿದ್ದ.

ಹದಿನಾಲ್ಕನೇ ವಯಸ್ಸಿನಲ್ಲಿ ಹದಿನೇಳನೆಯದು ಕಾಣೆಯಾಯಿತು. ಹಿಂದಿನ ದಿನ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ಕೂತವನು ಗೆಳೆಯ ಶಫೀವುಲ್ಲಾ, ರಟ್ಟಿಗೆ ತೂತು ಹೊಡೆಯುವವರ ಮಗ. ಅಪ್ಪಯ್ಯಣ್ಣ ಕೇಳಲಿಲ್ಲ, ಜಗಳವಾಡಲಿಲ್ಲ. ಅವನೆದುರು ಕಾರ್ಡುಗಳಿದ್ದ ತಗಡಿನ ಡಬ್ಬಿ ತೆಗೆಯುವುದನ್ನು ಬಿಟ್ಟ, ಅಷ್ಟೆ. ಅರವತ್ತು ವರ್ಷ ಒಟ್ಟಿಗೆ ಟೀ ಕುಡಿದರು, ಮಕ್ಕಳ ಮದುವೆಗೆ ಓಡಾಡಿದರು. ಡಬ್ಬಿ ಮಾತ್ರ ಬೀರುವಿನಲ್ಲೇ ಇತ್ತು.

ಈಗ ತೇಪೆಯ ಅಂಟು ನೋಡಿದರೆ ಹುಣಸೆಬೀಜದ ಗಂಜಿ. ಮನೆಯಲ್ಲಿ ಅದನ್ನು ಕಾಸಿ ಅಂಟಿಸುತ್ತಿದ್ದವನು ಅಪ್ಪನೊಬ್ಬನೇ. ಹಬ್ಬದ ಸೀರೆ ಮಗ್ಗದ ಮೇಲಿದ್ದಾಗ ರಟ್ಟು ಹರಿದಿರಬೇಕು, ಕೈಗೆ ಸಿಕ್ಕ ಗಟ್ಟಿ ಕಾಗದ ಅಂಟಿಸಿ, ಮುಚ್ಚಿಹೋದ ಡಿಸೈನಿನ ತೂತನ್ನು ಅದರ ಮೇಲೆ ಮತ್ತೆ ಹೊಡೆಸಿದ್ದಾನೆ.

ಅಪ್ಪಯ್ಯಣ್ಣನಿಗೆ ಅಪ್ಪನ ಮೇಲೆ ಕೋಪ ಬರಲಿಲ್ಲ. ಶಫೀವುಲ್ಲಾನ ಮುಖ ಹೇಗೆ ನೋಡುವುದೆಂಬ ಚಿಂತೆ ಹತ್ತಿತು. ಹೇಳದೆ ಇದ್ದರೂ ನಡೆಯುತ್ತಿತ್ತು, ಕೇಳುವವರು ಯಾರೂ ಇರಲಿಲ್ಲ. ಆದರೂ ತೇಪೆಯನ್ನು ನೀರಲ್ಲಿ ನೆನೆಸಿ ಬಿಡಿಸಿದ, ಬಿಸಿಲಿಗೆ ಒಣಗಿಸಿದ, ಡಬ್ಬಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟ.

ಶಫೀವುಲ್ಲಾ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಅಪ್ಪಯ್ಯಣ್ಣ ಕಾರ್ಡನ್ನು ಅವನ ಮಂಡಿಯ ಮೇಲಿಟ್ಟ. ಶಫೀವುಲ್ಲಾ ಕನ್ನಡಕ ಏರಿಸಿ ನೋಡಿದ.

"ಸಿಕ್ತಾ? ಈ ತೂತು ನಾನೇ ಹೊಡೆದಿದ್ದು ಕಣೋ. ನಮ್ಮ ಅಬ್ಬಾಗೆ ಅವತ್ತು ಜ್ವರ."

"ಗೊತ್ತಿತ್ತಾ ನಿಂಗೆ?"

"ನಿಮ್ಮಪ್ಪ ಹೇಳ್ಬೇಡ ಅಂದಿದ್ರು, ಹುಡುಗ ಅಳ್ತಾನೆ ಅಂತ. ನೀನು ಕೇಳಿದ್ರೆ ಹೇಳ್ಬಿಡೋಣ ಅಂತಿದ್ದೆ. ನೀನು ಕೇಳ್ಲೇ ಇಲ್ಲ."

"ನೀನೇ ತಗೊಂಡೆ ಅಂದ್ಕೊಂಡಿದ್ದೆ ಶಫೀ."

"ಅದೂ ಗೊತ್ತಿತ್ತು."

ಅಪ್ಪಯ್ಯಣ್ಣ ತಲೆ ತಗ್ಗಿಸಿದ. ಒಳಗಿಂದ ಬಶೀರುನ್ನೀಸಾ ಎರಡು ಲೋಟ ಟೀ ತಂದಿಟ್ಟು, ಅಣ್ಣನವರು ಯಾಕೆ ಹೀಗೆ ಕೂತಿದ್ದಾರೆಂದು ಗಂಡನನ್ನು ಕೇಳಿದಳು. ಇವನಿಗೆ ಅರವತ್ತು ವರ್ಷ ತಡವಾಗಿ ಬುದ್ಧಿ ಬಂದಿದೆ, ಸಕ್ಕರೆ ಸ್ವಲ್ಪ ಜಾಸ್ತಿ ಹಾಕು ಎಂದ ಶಫೀವುಲ್ಲಾ. ಅವಳು ನಗುತ್ತಾ ಹೋದಳು.

ಅಪ್ಪಯ್ಯಣ್ಣ ಡಬ್ಬಿಯ ಮುಚ್ಚಳ ತೆಗೆದು ಗೆಳೆಯನ ತೊಡೆಯ ಮೇಲಿಟ್ಟ. ಶಫೀವುಲ್ಲಾ ಒಂದೊಂದನ್ನೇ ಎತ್ತಿ, ಹೆಸರು ಮರೆತವರನ್ನು ಮೀಸೆಯಿಂದ ಗುರುತು ಹಿಡಿಯುತ್ತಾ, ಹದಿನಾರರವರೆಗೆ ಬಂದ. ಆಮೇಲೆ ಬೌಲರನ್ನು ಎತ್ತಿ ಬೆಳಕಿಗೆ ಹಿಡಿದ. ಅವನು ಹೊಡೆದ ತೂತು ನೇರ ಬೌಲರನ ಕೈಯೊಳಗಿನ ಚೆಂಡಿಗೇ ಬಿದ್ದಿತ್ತು.

"ಬಾಲ್ ಇಲ್ದೆ ಏನ್ ಮಾಡ್ತಾನೋ ಇವ್ನು?"

"ಇರ್ಲಿ ಬಿಡು, ಸುಸ್ತಾಗಿದ್ದಾನೆ. ಕೂರ್ಸು," ಎಂದ ಅಪ್ಪಯ್ಯಣ್ಣ.

ಶಫೀವುಲ್ಲಾ ಅವನನ್ನು ಹದಿನಾರಕ್ಕೂ ಹದಿನೆಂಟಕ್ಕೂ ನಡುವೆ ಸೇರಿಸಿ, ಅಂಚು ಸರಿ ಮಾಡಿದ. ಟೀ ಆರುತ್ತಿತ್ತು.