ನನ್ನ ಮೊದಲ ದಸ್ತಗಿರಿ

ನಮ್ಮ ಪೊಲೀಸ್ ತರಬೇತಿ ಶಾಲೆಯ ಹಿತ್ತಲಲ್ಲಿ ಒಂದು ಸುಳ್ಳು ಮನೆಯಿದೆ. ಮಂಚ, ಬೀರು, ನಿಲುಗನ್ನಡಿ ಎಲ್ಲ ಇವೆ, ವಾಸಿಸುವವರು ಮಾತ್ರ ಇಲ್ಲ. ನಾವು ಶೋಧ, ಜಪ್ತಿ, ದಸ್ತಗಿರಿ ಕಲಿಯುವುದು ಅಲ್ಲೇ. ಆ ಪರೀಕ್ಷೆಯಲ್ಲಿ ನಾನು ಎರಡು ಸಲ ಡುಮ್ಕಿ ಹೊಡೆದಿದ್ದೆ. ಮೊದಲ ಸಲ, ಸಾಕ್ಷಿಗೆಂದು ನಿಲ್ಲಬೇಕಾದ ಪಂಚರು ಬರುವ ಮೊದಲೇ ಬೀರುವಿಗೆ ಕೈ ಹಾಕಿದೆ. ಎರಡನೆಯ ಸಲ, ಹಿಡಿದವನಿಗೆ ಯಾಕೆ ಹಿಡಿದೆ ಎಂದು ಹೇಳುವುದನ್ನೇ ಮರೆತೆ. ನನ್ನ ಕೈ ಯಾವಾಗಲೂ ತಲೆಗಿಂತ ಮುಂದೆ, ಏನು ಮಾಡಲಿ? ಇನ್ನೊಂದು ಸಲ ಫೇಲಾದರೆ ಗಂಟುಮೂಟೆ ಕಟ್ಟಬೇಕಿತ್ತು.

ಕಟ್ಟಿಕೊಂಡು ಹೋಗುವುದೆಂದರೆ ಹಿಂದಿನ ಬೀದಿಯಲ್ಲಿರುವ ಅಣ್ಣನ ಟೈಲರ್ ಅಂಗಡಿಗೆ. ನನಗೆಂದೇ ಒಂದು ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟು ಇಟ್ಟಿದ್ದ. ನಿನಗೇಕೆ ಪೊಲೀಸ್ ಕೆಲಸದ ಉಸಾಬರಿ ಎಂಬುದು ಅವನ ನಿತ್ಯದ ರಾಗ. ಗಿರಾಕಿಗಳು ಕೇಳಿದರೆ, ತಂಗಿ ಎಲ್ಲೋ ಏನೋ ಓದುತ್ತಿದ್ದಾಳೆ ಎನ್ನುತ್ತಿದ್ದ. ಆ 'ಎಲ್ಲೋ ಏನೋ' ನನ್ನ ಹೊಟ್ಟೆ ಉರಿಸುತ್ತಿತ್ತು.

ಮೂರನೆಯ ಪರೀಕ್ಷೆಯ ಬೆಳಿಗ್ಗೆ ಕೊರೆಯುವ ಚಳಿ. ಹಿಂದಿನ ದಿನ ಅಭ್ಯಾಸ ಮಾಡುವಾಗ ನನ್ನ ಜರ್ಕಿನ್ನನ್ನು ಸುಳ್ಳು ಮನೆಯ ಮೊಳೆಯಲ್ಲೇ ಬಿಟ್ಟು ಬಂದಿದ್ದೆ. ಆ ಮನೆಯ ಬೀಗದಕೈ ಇರುವುದು ಅಡುಗೆಯಮ್ಮನ ಸೊಂಟದಲ್ಲಿ; ಪರೀಕ್ಷೆಯಲ್ಲಿ ಮನೆಯೊಡತಿಯ ಪಾತ್ರವೂ ಅವರದೇ. ನಾನು ಗಡಗಡ ನಡುಗುವುದನ್ನು ನೋಡಲಾರದೆ ಅವರೇ ಜರ್ಕಿನ್ ತಂದುಕೊಟ್ಟರು.

ಕದ್ದ ವಾಚೊಂದು ಒಳಗಿದೆ, ಹುಡುಕು ಎಂದರು ಪಾಠ ಹೇಳುವ ಸಾಹೇಬರು. ನಾನು ಹಲ್ಲು ಕಚ್ಚಿ ನಿಧಾನ ಮಾಡಿದೆ. ತೋಟದ ಮಾಲಿಯನ್ನೂ ಕ್ಷೌರಿಕನನ್ನೂ ಪಂಚರಾಗಿ ನಿಲ್ಲಿಸಿದೆ. ಹೊಸ್ತಿಲು ದಾಟುವ ಮೊದಲು ನಮ್ಮ ಮೈಯನ್ನು ನಾವು ಶೋಧಕ್ಕೆ ಒಡ್ಡಬೇಕು; ಪೊಲೀಸರೇ ಮಾಲು ತಂದಿಟ್ಟರು ಎಂಬ ಮಾತು ಬರಬಾರದಲ್ಲ. ನಾನು ಕೈಯೆತ್ತಿ ನಿಂತೆ. ಅಡುಗೆಯಮ್ಮ ಭಾರೀ ಉತ್ಸಾಹದಿಂದ ತಡಕಿದರು. ಜರ್ಕಿನ್ನಿನ ಒಳಜೇಬಿನಿಂದ ವಾಚು ಬಂತು.

ಸಾಹೇಬರ ಮುಖ ಬಿಳಿಚಿಕೊಂಡಿತು. ಮೊಳೆಯಲ್ಲಿದ್ದ ಜರ್ಕಿನ್ ಆ ಮನೆಯದೇ ಸಾಮಾನು ಎಂದುಕೊಂಡು, ಹಿಂದಿನ ಸಂಜೆ ವಾಚನ್ನು ಅದರಲ್ಲಿ ಬಚ್ಚಿಟ್ಟಿದ್ದರಂತೆ. ಪರೀಕ್ಷೆ ಇಲ್ಲಿಗೇ ನಿಲ್ಲಿಸೋಣ ಎಂದರು. ಅರ್ಧಕ್ಕೆ ನಿಂತರೂ ಫೇಲು ಎಂದೇ ಅಲ್ಲಿನ ನಿಯಮ. ನನಗೆ ರೇಗಿತು.

"ಸಾರ್, ಮಾಲು ಸಿಕ್ಕಿದೆ, ಮಾಲು ಇಟ್ಕೊಂಡೋಳೂ ಸಿಕ್ಕಿದಾಳೆ. ಮುಂದಿನ ಕೆಲಸ ಮಾಡ್ಲಾ?"

ಸಾಹೇಬರು ತಬ್ಬಿಬ್ಬಾಗಿ ತಲೆಯಾಡಿಸಿದರು. ಹೆಂಗಸನ್ನು ಹೆಂಗಸೇ ದಸ್ತಗಿರಿ ಮಾಡಬೇಕು. ನಮ್ಮ ತಂಡದಲ್ಲಿ ಹೆಂಗಸು ನಾನೊಬ್ಬಳೇ. ಹಾಗಾಗಿ ನನ್ನಿಂದ ನಾನೇ ವಾಚನ್ನು ಜಪ್ತಿ ಮಾಡಿ, ಬಟ್ಟೆ ಸುತ್ತಿ, ಅರಗಿನ ಮೊಹರು ಹಾಕಿ, ಮಹಜರಿಗೆ ಪಂಚರ ಸಹಿ ಪಡೆದೆ. ಎಲ್ಲರನ್ನೂ ಒಳಗೆ ಕರೆದೊಯ್ದು, ನಿಲುಗನ್ನಡಿಯ ಎದುರು ನಿಂತು ದಸ್ತಗಿರಿಯ ಕಾರಣವನ್ನು ಬಿಡಿಸಿ ಹೇಳಿದೆ. ವಕೀಲರು ಬೇಕೇ ಎಂದೂ ಕೇಳಿದೆ. ಕನ್ನಡಿಯಲ್ಲಿದ್ದವಳು ಮರ್ಯಾದೆಯಿಂದ ಕೇಳಿಸಿಕೊಂಡಳು. ಮಾಲಿ ನಗು ತಡೆಯಲಾರದೆ, ಗಿಡಕ್ಕೆ ನೀರು ಹಾಕುವ ನೆಪ ಹೇಳಿ ಜಾಗ ಖಾಲಿ ಮಾಡಲು ನೋಡಿದ. ಗದರಿಸಿ ನಿಲ್ಲಿಸಿದೆ.

ಉಳಿದದ್ದು ಒಂದೇ, ಹತ್ತಿರದ ಸಂಬಂಧಿಗೆ ಸುದ್ದಿ ಮುಟ್ಟಿಸುವುದು. ಅಣ್ಣನಿಗೆ ಫೋನ್ ಮಾಡಿ, ಕಳವು ಮಾಲಿನ ಸಮೇತ ನನ್ನ ದಸ್ತಗಿರಿಯಾಗಿದೆ, ಶಾಲೆಯ ಹಿತ್ತಲಲ್ಲಿದ್ದೇನೆ ಎಂದೆ. ಇದು ಪರೀಕ್ಷೆ ಎಂದು ಹೇಳುವಷ್ಟರಲ್ಲಿ ಅವನು ಫೋನ್ ಇಟ್ಟಾಗಿತ್ತು. ಅವಸರ ನಮ್ಮ ಮನೆತನದ್ದೇ.

ಇದಕ್ಕೆ ಪಾಸೋ ಫೇಲೋ ತಿಳಿಯದೆ ಸಾಹೇಬರು ತಲೆ ಕೆರೆದುಕೊಳ್ಳುತ್ತಿದ್ದಾಗ ಅಣ್ಣ ಓಡಿಬಂದ. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಯಾರದೋ ಒಂಟಿ ತೋಳಿನ ಅಂಗಿ. ನನ್ನತ್ತ ತಿರುಗಿಯೂ ನೋಡದೆ, ಹೊಸ್ತಿಲು ದಾಟಿ ಸಾಹೇಬರ ಎದುರು ನಿಂತ.

"ನಮ್ಮ ಹುಡುಗಿ ಕದಿಯೋಳಲ್ಲ ಸಾರ್," ಎಂದ, ಏದುಸಿರು ಬಿಡುತ್ತ. "ಅವಳು ಪೊಲೀಸು."

ಸಾಹೇಬರು ಪೆನ್ನು ತೆಗೆದು ಪಾಸು ಎಂದು ಬರೆದರಂತೆ. ನನಗೆ ಕಣ್ಣು ತುಂಬಿ ಏನೂ ಕಾಣಲಿಲ್ಲ. ಮೈಯನ್ನು ಶೋಧಕ್ಕೆ ಒಡ್ಡದೆ ಹೊಸ್ತಿಲು ದಾಟಿದ ತಪ್ಪಿಗೆ ಅಡುಗೆಯಮ್ಮ ಆಗಲೇ ಅಣ್ಣನ ಜೇಬು ತಡಕುತ್ತಿದ್ದರು.