ಒಂದು ದಿನ ಬಾಕಿ

ವೆಬ್‌ಪೇಜ್ ಕಟ್ಟುವುದು ಅಕ್ಕನ ಹೊಟ್ಟೆಪಾಡು. ಹಡಗಿನಲ್ಲಿ ಕೆಲಸಕ್ಕಿದ್ದ ತಮ್ಮ ರಜೆಗೆ ಬರುವ ತಾರೀಖು ಗೊತ್ತಾದದ್ದೇ, “ಇನ್ನೆಷ್ಟು ದಿನ? ಇನ್ನೆಷ್ಟು ದಿನ?” ಎಂದು ಅಮ್ಮ ಅವಳ ತಲೆ ತಿನ್ನತೊಡಗಿದಳು. ಕಾಟ ತಪ್ಪಲಿ ಎಂದು ಅಕ್ಕ ಒಂದು ಕೌಂಟ್‌ಡೌನ್ ಟೈಮರ್ ಬರೆದು, ಅಡುಗೆಮನೆಯ ಟ್ಯಾಬ್ಲೆಟ್ಟಿನಲ್ಲಿ ತೆರೆದಿಟ್ಟಳು. ಪಾತ್ರೆ ತೊಳೆಯುತ್ತಲೇ ಅಮ್ಮ ಅದನ್ನು ನೋಡಿ ನೋಡಿ ಹಿಗ್ಗುತ್ತಿದ್ದಳು.

ಅವನು ಬರಬೇಕಾಗಿದ್ದ ವಾರವೇ ಹಡಗು ಮುಳುಗಿತು. ದೇಹವೂ ಸಿಗಲಿಲ್ಲ.

ಆ ದುಃಖದಲ್ಲಿ ಟೈಮರಿನ ನೆನಪು ಯಾರಿಗಿರುತ್ತದೆ? ತಿಂಗಳೊಪ್ಪತ್ತು ಕಳೆದ ಮೇಲೆ ಅಕ್ಕನ ಕಣ್ಣು ಅದರ ಮೇಲೆ ಬಿತ್ತು. ಒಂದು ದಿನ, ಚಿಲ್ಲರೆ ಗಂಟೆ ಬಾಕಿ! ಅದು ಎಂದೋ ಸೊನ್ನೆಯಾಗಿರಬೇಕಿತ್ತು. ಮರುದಿನ ನೋಡಿದರೂ ಅಷ್ಟೇ. ಸೆಕೆಂಡುಗಳು ಓಡುತ್ತಿದ್ದವು, ಆ ಒಂದು ದಿನ ಮಾತ್ರ ಮುಗಿಯುತ್ತಿರಲಿಲ್ಲ. ಲೆಕ್ಕ ಹಾಕುವ ಸಾಲುಗಳನ್ನೆಲ್ಲ ಜಾಲಾಡಿದಳು, ತಪ್ಪಿಲ್ಲ. ದೆವ್ವಭೂತ ಎಂದರೆ ಬಿದ್ದು ಬಿದ್ದು ನಗುತ್ತಿದ್ದವಳು ಈಗ ಆ ಟ್ಯಾಬ್ಲೆಟ್ಟಿಗೆ ಬೆನ್ನು ಹಾಕಿ ಉಣ್ಣಲೂ ಹೆದರಿದಳು.

ಒಂದು ಬೆಳಿಗ್ಗೆ ಗುಟ್ಟು ರಟ್ಟಾಯಿತು. ಅಮ್ಮ ಟ್ಯಾಬ್ಲೆಟ್ಟಿನ ಸೆಟ್ಟಿಂಗ್ಸ್ ತೆರೆದು ಇವತ್ತಿನ ತಾರೀಖನ್ನು ಒಂದು ದಿನ ಹಿಂದಕ್ಕೆ ತಳ್ಳುತ್ತಿದ್ದಳು. ಟೈಮರ್ ವೇಳೆ ಕೇಳುವುದು ಟ್ಯಾಬ್ಲೆಟ್ಟಿನ ಗಡಿಯಾರವನ್ನೇ. ಅಕ್ಕನೇ ಹಾಗೆ ಬರೆದಿದ್ದಳು.

“ಏನಮ್ಮಾ ಇದು?”

“ನಾಳೆ ಬರ್ತಾನೆ ಅಂತ ತೋರಿಸ್ತಿದೆಯಲ್ಲ, ತೋರಿಸ್ಲಿ ಬಿಡು.”

“ಅವನು ಹೋಗ್ಬಿಟ್ಟ ಕಣಮ್ಮಾ.”

“ಅದು ಸೊನ್ನೆಗೆ ಬರ್ಲಿ, ಆಮೇಲೆ ಅಳ್ತೀನಿ.”

ಅಕ್ಕನಿಗೆ ಈಗ ಅಮ್ಮನದೇ ಚಿಂತೆಯಾಯಿತು. ತಮ್ಮನಂತೂ ಹೋದ, ಇರುವ ಇವಳೊಬ್ಬಳನ್ನಾದರೂ ಉಳಿಸಿಕೊಳ್ಳಬೇಕಲ್ಲ! ಅಂದೇ ಕೂತು, ವೇಳೆಯನ್ನು ಟ್ಯಾಬ್ಲೆಟ್ಟಿನ ಬದಲು ಎಲ್ಲೋ ದೂರದ ಸರ್ವರಿನಿಂದ ತರುವಂತೆ ಕೋಡ್ ತಿದ್ದಿದಳು. ಸರ್ವರಿನ ಗಡಿಯಾರಕ್ಕೆ ಯಾವ ತಾಯಿಯ ಕೈಯೂ ಎಟುಕದು. ಸೊನ್ನೆ ಕಂಡರೆ ಅಮ್ಮ ಒಮ್ಮೆ ಮನಸಾರೆ ಅತ್ತು ಹಗುರಾಗುತ್ತಾಳೆ ಎಂದುಕೊಂಡಳು. ಅಡುಗೆಮನೆಗೆ ಹೋಗಿ, ಅಮ್ಮನ ಎದುರಿಗೇ ಪೇಜ್ ರಿಫ್ರೆಶ್ ಮಾಡಿದಳು.

ಸೊನ್ನೆಯಾದಾಗ ಏನು ತೋರಿಸಬೇಕೆಂದು ಅಂದು ತಮ್ಮ ಬರುವ ಖುಷಿಯಲ್ಲಿ ತಾನೇ ಬರೆದಿದ್ದ ಸಾಲು, ಪಾಪ, ಅವಳಿಗೆ ಮರೆತೇ ಹೋಗಿತ್ತು. ಅಂಕಿಗಳು ಮಾಯವಾದವು. ಪರದೆಯ ತುಂಬ ದೊಡ್ಡ ಅಕ್ಷರಗಳು ಮೂಡಿದವು: “ಅಮ್ಮಾ, ಬಂದೆ! ಬಾಗಿಲು ತೆಗಿ!”

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಒದ್ದೆ ಕೈಯಲ್ಲೇ ಓಡಿದ್ದಳು. ಚಿಲಕ ಸರಿದ ಸದ್ದಾಯಿತು. ಆಮೇಲೆ ಅಮ್ಮನ ದನಿ, ಎಷ್ಟೋ ದಿನದ ಮೇಲೆ ಗೆಲುವಾಗಿ ಕೇಳಿಸಿತು.

“ಎಷ್ಟು ಸೊರಗಿದ್ದೀಯೋ! ಬಾ, ಒಳಗೆ ಬಾ, ಅಕ್ಕ ಇಲ್ಲೇ ಇದಾಳೆ.”

ಅಕ್ಕನಿಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.