ಏಳನೆಯ ಉಲ್ಲೇಖ

ಅರ್ಜಿಯಲ್ಲಿ ಹತ್ತೊಂಬತ್ತು ಕಡೆ 'ನಾವು' ಇತ್ತು. ಯಾಸ್ನಾ ಪೆರ್ತೊತ್ ಹತ್ತೊಂಬತ್ತಕ್ಕೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಹಾಳೆಗಳನ್ನು ಎರ್ವಿನೋ ದೆಪಂಗರ್‌ನ ಮೇಜಿನ ಮೇಲೆ, ಅವನ ಕಾಫಿ ಲೋಟದ ಪಕ್ಕದಲ್ಲೇ ಇಟ್ಟಳು.

"ಹೀಗೇ ಕಳಿಸಿದ್ರೆ ಓದೋದೂ ಇಲ್ಲ, ಪ್ರೊಫೆಸರ್. ಸೀದಾ ಬುಟ್ಟಿಗೆ."

"ಅಲ್ಲ ಮಾರಾಯ್ತಿ, ನಾವು ಮಾಡಿದ ಕೆಲಸಾನ ಪಕ್ಕದ ಮನೆಯೋರು ಮಾಡಿದ್ರು ಅಂತ ಬರೀಲಾ?"

"ಹೂಂ. ಹಾಗೇ ಬರೀಬೇಕು."

ಬಾಹ್ಯಾಕಾಶ ದೂರದರ್ಶಕದ ಸಮಯ ಹಂಚುವವರು ಕೆಲವು ವರ್ಷಗಳಿಂದ ಈ ಕಟ್ಟಳೆ ಮಾಡಿಕೊಂಡಿದ್ದಾರೆ. ಅರ್ಜಿಯಲ್ಲಿ ಹೆಸರಿರಕೂಡದು, ಊರಿರಕೂಡದು, ಬರೆದವರು ಯಾರೆಂಬ ಸುಳಿವೂ ಇರಕೂಡದು. ಹಳೆಯ ಲೇಖನಗಳನ್ನು ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಉಲ್ಲೇಖಿಸಬಹುದು. ಸ್ವಂತದ್ದಾದರೂ ಪರರದ್ದೆಂಬಂತೆ ಬರೆಯಬೇಕು. ದೊಡ್ಡ ಹೆಸರು ನೋಡಿ ಮಣೆ ಹಾಕುವುದು ನಿಲ್ಲಲಿ ಎಂಬುದು ಉದ್ದೇಶ, ಒಳ್ಳೆಯ ಉದ್ದೇಶವೇ. ಆದರೆ ತ್ರಿಯೆಸ್ತೆ ಪಟ್ಟಣದ ಗುಡ್ಡದ ಮೇಲಿನ ವೀಕ್ಷಣಾಲಯದ ಈ ಕೋಣೆಯಲ್ಲಿ ಮೂವತ್ತೈದು ವರ್ಷ ಕೂತು ಸಂಪಾದಿಸಿದ ಹೆಸರನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಬಾ ಎಂದರೆ ಯಾರಿಗಾದರೂ ಉರಿಯುತ್ತದೆ.

ಆ ಹೆಸರು ಬಂದದ್ದು ಒಂದೇ ಒಂದು ಅಂಕಿಯಿಂದ. ಇಪ್ಪತ್ತೇಳು ವರ್ಷದ ಹಿಂದೆ ಎರ್ವಿನೋ, ಕನ್ಯಾ ರಾಶಿಯ ದಿಕ್ಕಿನ ಒಂದು ಗ್ಯಾಲಕ್ಸಿಯ ನಡುವಿರುವ ಕಪ್ಪುಕುಳಿಯನ್ನು ತೂಗಿದ್ದ. ಕಪ್ಪುಕುಳಿ ಕಾಣುವುದಿಲ್ಲ. ಅದರ ಸುತ್ತ ತಿರುಗುವ ಅನಿಲದ ವೇಗ ನೋಡಿ, ನಡುವೆ ಕೂತದ್ದರ ಭಾರವನ್ನು ಲೆಕ್ಕ ಹಾಕಬೇಕು. ಇಪ್ಪತ್ನಾಲ್ಕು ಕೋಟಿ ಸೂರ್ಯರ ತೂಕ ಎಂದು ಬಂತು, ಪಠ್ಯಪುಸ್ತಕಗಳನ್ನು ಸೇರಿತು. ಆಮೇಲೆ ಬಂದವರು ತಕರಾರು ತೆಗೆದರು. ಅನಿಲವನ್ನು ನಂಬುವುದು ಹೇಗೆ? ಈ ಊರಿನ ಬೋರಾ ಬಿರುಗಾಳಿಗೆ ಸಿಕ್ಕ ಛತ್ರಿಯ ಹಾಗೆ ದೂಡಿದ ಕಡೆಗೆ ಹೋಗುತ್ತದೆ. ನಕ್ಷತ್ರಗಳ ಓಟ ಅಳೆಯಬೇಕು, ಅವು ತಳ್ಳಾಟಕ್ಕೆ ಜಗ್ಗುವುದಿಲ್ಲ. ಎರ್ವಿನೋಗೂ ಬೇಕಿದ್ದದ್ದು ಅದೇ. ದೂರದರ್ಶಕ ಭೂಮಿಗೆ ಸುತ್ತು ಹಾಕುತ್ತದಲ್ಲ, ಅಂಥ ಹದಿನಾಲ್ಕು ಸುತ್ತಿನ ಸಮಯ ಸಿಕ್ಕಿದರೆ ಸಾಕು, ತನ್ನ ಅಂಕಿ ಸರಿಯೋ ತಪ್ಪೋ ಎಂಬುದು ಕಣ್ಣು ಮುಚ್ಚುವ ಮೊದಲು ಗೊತ್ತಾಗುತ್ತದೆ. ಹಳೆಯ ಪದ್ಧತಿಯಲ್ಲಿ ಮೂರು ಸಲ ಕೇಳಿದ್ದ, ಸಿಕ್ಕಿರಲಿಲ್ಲ. ನವೆಂಬರಿನಲ್ಲಿ ನಿವೃತ್ತಿ. ಆಮೇಲೆ ಈ ಮೇಜೂ ಇಲ್ಲ, ನಕ್ಷತ್ರಗಳ ಓಟ ಅಳೆಯುವುದರಲ್ಲಿ ಪಳಗಿದ ಯಾಸ್ನಾಳೂ ಪಕ್ಕದ ಕೋಣೆಯಲ್ಲಿ ಇರುವುದಿಲ್ಲ. ಹಾಗಾಗಿ ಇದೇ ಕೊನೆಯ ಅರ್ಜಿ.

"ಹೆಸರು ತೆಗೆದ್ರೆ ನನ್ನ ಅರ್ಜಿಗೆ ಏನು ಬೆಲೆ?" ಎಂದ ಎರ್ವಿನೋ.

"ಹೆಸರಿದ್ದಾಗಲೂ ಮೂರು ಸಲ ತಳ್ಳಿದ್ದಾರೆ. ಅದಿಲ್ದೆ ಒಂದು ಸಲ ನೋಡಿ."

ಯಾಸ್ನಾ ಅವನ ಕೈಕೆಳಗೇ ಪಿಎಚ್‌ಡಿ ಮಾಡಿದವಳು. ಈಗ ಮೂವತ್ತನಾಲ್ಕು ವರ್ಷ, ಬಾಯಿಗೆ ಮಾತ್ರ ಅದಕ್ಕಿಂತ ಹೆಚ್ಚು ವಯಸ್ಸಾಗಿತ್ತು.

ಎರಡು ದಿನ ಬಿಟ್ಟು ಎರ್ವಿನೋ ತಿದ್ದಿದ ಪ್ರತಿ ಕೊಟ್ಟ. ಒಂದೂ 'ನಾವು' ಇರಲಿಲ್ಲ. ಯಾಸ್ನಾ ಮೊದಲ ಪುಟ ಓದಿ ನಗಲಾರಂಭಿಸಿದಳು.

"'ಏಳನೆಯ ಉಲ್ಲೇಖದ ಅಪೂರ್ವವಾದ, ದಿಟ್ಟವಾದ, ಇಂದಿಗೂ ಸಾಟಿಯಿಲ್ಲದ ಮಾಪನ.' ಪ್ರೊಫೆಸರ್, ಈ ಕಸುಬಿನಲ್ಲಿ ಯಾರಾದ್ರೂ ಇನ್ನೊಬ್ಬರನ್ನ ಇಷ್ಟು ಹೊಗಳಿದ್ದನ್ನ ಕಂಡಿದ್ದೀರಾ? ಇದು ನೀವೇ ಅಂತ ಕುರುಡನಿಗೂ ಗೊತ್ತಾಗುತ್ತೆ."

"ಮತ್ತೆ ಏನಂತ ಬರೀಲಿ?"

"ಎಲ್ಲರೂ ಬರೆಯೋ ಹಾಗೆ. ಏಳನೆಯವರು ಮಾಡಿದ್ದಾರೆ, ಸ್ವಲ್ಪ ಎಡವಿದ್ದಾರೆ, ನಾವಾದ್ರೆ ಇನ್ನೂ ಚೆನ್ನಾಗಿ ಮಾಡ್ತೀವಿ ಅಂತ."

"ನಾನೆಲ್ಲಿ ಎಡವಿದ್ದೀನಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಯಾಸ್ನಾ ಎದ್ದು ಕಾಫಿಗೆ ಹೋದಳು.

ಭಾನುವಾರ ಬೆಳಿಗ್ಗೆ ಎರ್ವಿನೋ ತನ್ನ ಹಳೆಯ ಲೇಖನವನ್ನು ಹಿಡಿದು ಅಡುಗೆಮನೆಯ ಮೇಜಿಗೆ ಕೂತ. ಕಿಟಕಿಯ ಬಾಗಿಲುಗಳನ್ನು ಗಾಳಿ ಅಲ್ಲಾಡಿಸುತ್ತಿತ್ತು. ಎದುರಿಗೆ ಹೆಂಡತಿ ಲಿಚಿಯಾ ಬಟಾಣಿ ಸುಲಿಯುತ್ತಿದ್ದಳು. ಹೆಸರು ಕಾಣದಂತೆ ಅವನು ಮೊದಲ ಹಾಳೆಯ ತಲೆ ಮಡಚಿದ. ಹತ್ತಾರು ವರ್ಷ ಆ ಲೇಖನವನ್ನು ಅವನು ಓದಿರಲಿಲ್ಲ, ಬರೀ ನೆನೆದುಕೊಂಡಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು, ನೆನೆದಷ್ಟೂ ಮುದ್ದು. ಈಗ ಯಾರೋ ಅಪರಿಚಿತನ ಲೇಖನವೆಂಬಂತೆ ಪೆನ್ಸಿಲ್ ಹಿಡಿದು, ಸಾಲು ಸಾಲಾಗಿ ಓದಿದ.

ಆರನೆಯ ಪುಟದಲ್ಲಿ ಪೆನ್ಸಿಲ್ ನಿಂತಿತು. ಅನಿಲದ ವೇಗದ ನಕ್ಷೆಯಲ್ಲಿ ಪೂರ್ವದ ಕಡೆ ಮೂರು ಬಿಂದುಗಳು ಗೆರೆಯಿಂದ ದೂರ ಬಿದ್ದಿದ್ದವು. ಕೆಳಗೆ ಅರ್ಧ ವಾಕ್ಯ: 'ಇವು ಕದಡಿದಂತೆ ತೋರುವುದರಿಂದ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.' ಯಾರು ಕದಡಿದರು, ಹೇಗೆ ಗೊತ್ತು, ಒಂದು ಮಾತೂ ಇಲ್ಲ.

"ಯಾವನಪ್ಪ ಇವನು!" ಎಂದ ಎರ್ವಿನೋ, ಜೋರಾಗಿಯೇ.

"ಯಾರನ್ನ ಬಯ್ತಿದ್ದೀಯ?" ಕೇಳಿದಳು ಲಿಚಿಯಾ.

"ಒಬ್ಬ ಇದ್ದಾನೆ. ತನಗೆ ಒಗ್ಗಲಿಲ್ಲ ಅಂತ ಮೂರು ಬಿಂದು ಕೈಬಿಟ್ಟಿದ್ದಾನೆ."

"ಹುಡುಗ ಇರಬೇಕು, ಪಾಪ."

"ಮೂವತ್ತೊಂಬತ್ತು ವರ್ಷ."

"ಹಾಗಾದ್ರೆ ಬುದ್ಧಿ ಇರಬೇಕಿತ್ತು," ಎಂದು ಅವಳು ಇನ್ನೊಂದು ಬಟಾಣಿ ಕಾಯಿ ಬಿಡಿಸಿದಳು.

ಎರ್ವಿನೋಗೆ ನಾಚಿಕೆಯಾಯಿತು. ಮೋಸ ಮಾಡಿರಲಿಲ್ಲ, ಬಿಂದುಗಳನ್ನು ಬಚ್ಚಿಟ್ಟಿರಲಿಲ್ಲ. ಆದರೆ ಆ ಚಳಿಗಾಲದ ಅವಸರ ಅವನಿಗೆ ನೆನಪಿತ್ತು. ಉತ್ತರ ಅಷ್ಟು ಸೊಗಸಾಗಿ ಬಂದಿರುವಾಗ ಆ ಮೂರನ್ನು ಮತ್ತೆ ಕೆದಕಲು ಮನಸ್ಸಾಗಿರಲಿಲ್ಲ. ತನ್ನ ಬೆನ್ನು ತನಗೆ ಕಾಣುವುದಿಲ್ಲ ಎನ್ನುತ್ತಾರೆ. ಇಪ್ಪತ್ತೇಳು ವರ್ಷದ ಮೇಲೆ ಅವನಿಗೆ ಕಂಡಿತ್ತು. ಸೋಜಿಗವೆಂದರೆ, ನಾಚಿಕೆ ಅರ್ಧ ಗಂಟೆಯೂ ಉಳಿಯಲಿಲ್ಲ. ಕೈ ತುರಿಸತೊಡಗಿತು. ಆ ಮೂರು ಬಿಂದುಗಳನ್ನು ಸೇರಿಸಿದರೆ ತೂಕ ಎಷ್ಟಾಗುತ್ತದೆ, ಬಿಟ್ಟರೆ ಎಷ್ಟು, ಇವೆರಡರಲ್ಲಿ ಯಾವುದು ನಿಜವೆಂದು ನಕ್ಷತ್ರಗಳು ಹೇಗೆ ಹೇಳಬಲ್ಲವು? ಇಷ್ಟು ಒಳ್ಳೆಯ ಪ್ರಶ್ನೆ ಅವನ ಹಿಂದಿನ ಮೂರು ಅರ್ಜಿಗಳಲ್ಲೂ ಇರಲಿಲ್ಲ. ಆ ವಾರವೆಲ್ಲ ಅವನು ಹೊಸದಾಗಿ ಕೆಲಸಕ್ಕೆ ಸೇರಿದವನಂತೆ, ಸಿಳ್ಳೆ ಹಾಕುತ್ತ ಬರೆದ.

ಯಾಸ್ನಾ ಈ ಸಲ ಓದುವಾಗ ನಗಲಿಲ್ಲ.

"'ಏಳನೆಯ ಉಲ್ಲೇಖದ ಲೇಖಕರು ತಮ್ಮ ಉತ್ತರಕ್ಕೆ ಒಗ್ಗದ ಮೂರು ಬಿಂದುಗಳನ್ನು ತಕ್ಕ ಕಾರಣವಿಲ್ಲದೆ ಕೈಬಿಟ್ಟಿದ್ದಾರೆ. ಅವರ ತೂಕ ಎರಡು ಪಟ್ಟು ತಪ್ಪಿರಬಹುದು. ಇಂಥ ಅಜಾಗರೂಕತೆ ಇಷ್ಟು ಕಾಲ ಯಾರ ಕಣ್ಣಿಗೂ ಬೀಳದಿರುವುದು ಆಶ್ಚರ್ಯ.'" ಅವಳು ಹಾಳೆ ಕೆಳಗಿಟ್ಟಳು. "ಇದು ತೀರಾ ಆಯ್ತು. ಬೇರೆ ಯಾರಾದ್ರೂ ನಿಮ್ಮ ಬಗ್ಗೆ ಹೀಗೆ ಬರೆದಿದ್ರೆ ನಾನೇ ಜಗಳಕ್ಕೆ ಹೋಗ್ತಿದ್ದೆ."

"ಸುಳ್ಳಾ?"

"ಸುಳ್ಳಲ್ಲ. ನಂಗೆ ಪಿಎಚ್‌ಡಿ ಮಾಡೋವಾಗ್ಲೇ ಕಂಡಿತ್ತು."

"ಕಂಡಿತ್ತಾ? ಮತ್ತೆ ಹೇಳಲಿಲ್ಲ!"

"ಗೈಡ್ ನೀವೇ ಆಗಿದ್ರಲ್ಲ."

ಎರ್ವಿನೋ ಅವಳ ಮುಖವನ್ನೇ ನೋಡಿದ. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಸಾಲುಗಳನ್ನು ಸ್ವಲ್ಪ ಮೆತ್ತಗೆ ಮಾಡೋಣ ಎಂದು ಅವಳು ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. ಅರ್ಜಿ ಹಾಗೆಯೇ ಹೋಯಿತು.

ಜೂನ್ ಕೊನೆಗೆ ಫಲಿತಾಂಶ. ಆ ಹೊತ್ತಿಗೆ ಊರಿಗೆ ಊರೇ ಮಧ್ಯಾಹ್ನದ ಬಿಡುವಿನಲ್ಲಿ ಬಾರ್ಕೊಲಾದ ಕಡಲದಂಡೆಯ ಕಾಂಕ್ರೀಟಿನ ಮೇಲೆ ಟವೆಲ್ ಹಾಸಿಕೊಂಡು ಬಿದ್ದಿರುತ್ತದೆ. ಎರ್ವಿನೋ ಈಜಿ ಮೇಲೆ ಬಂದು ಮೈ ಒರೆಸಿಕೊಳ್ಳುತ್ತಿದ್ದ. ಲಿಚಿಯಾ ಪೈನ್ ಮರದ ನೆರಳಿನಲ್ಲಿ ಪೀಚ್ ಹಣ್ಣು ಹೆಚ್ಚುತ್ತಿದ್ದಳು. ರಸ್ತೆಯಂಚಿನಲ್ಲಿ ಯಾಸ್ನಾ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ಟನ್ನೂ ತೆಗೆಯದೆ ಫೋನ್ ಹಿಡಿದು ಓಡಿಬಂದಳು.

"ಮೊದಲು ಹೇಳು. ಸಿಕ್ತೋ ಇಲ್ವೋ?" ಎಂದ ಎರ್ವಿನೋ.

"ಸಿಕ್ತು! ಹದಿನಾಲ್ಕಕ್ಕೆ ಹದಿನಾಲ್ಕೂ!"

ಅವನು ಕಾದ ಕಾಂಕ್ರೀಟಿನ ಮೇಲೆ ಹಾಗೆಯೇ ಕುಕ್ಕರಿಸಿದ.

"ಸಮಿತಿಯವರ ಮಾತು ಪೂರ್ತಿ ಕೇಳಿ," ಎಂದು ಯಾಸ್ನಾ ಪಕ್ಕದಲ್ಲಿ ಕೂತು ಓದಿದಳು. "'ಪ್ರಶ್ನೆ ಸ್ಪಷ್ಟವಾಗಿದೆ, ಕೇಳಿದ ಸಮಯ ನ್ಯಾಯವಾಗಿದೆ. ಒಂದೇ ಆಕ್ಷೇಪ. ಅರ್ಜಿದಾರರು ಏಳನೆಯ ಉಲ್ಲೇಖದ ಲೇಖಕರ ಮೇಲೆ ಅನಗತ್ಯವಾಗಿ ಹರಿಹಾಯ್ದಿದ್ದಾರೆ. ಆ ಕಾಲದ ಉಪಕರಣದಲ್ಲಿ ಅದಕ್ಕಿಂತ ಪ್ರಾಮಾಣಿಕವಾಗಿ ಅಳೆಯುವುದು ಕಷ್ಟವಿತ್ತು. ಮೂರು ಬಿಂದುಗಳನ್ನು ಅವರು ಅಳಿಸಲಿಲ್ಲ, ಮುಂದಿನವರು ನೋಡಲೆಂದು ನಕ್ಷೆಯಲ್ಲೇ ಉಳಿಸಿದರು. ನಮ್ಮಲ್ಲಿ ಹಲವರು ಈ ವಿದ್ಯೆ ಕಲಿತದ್ದೇ ಆ ಲೇಖನದಿಂದ. ಅರ್ಜಿದಾರರು ತಮ್ಮ ಫಲಿತಾಂಶ ಪ್ರಕಟಿಸುವಾಗ ಹಿರಿಯರ ಬಗ್ಗೆ ಕೊಂಚ ಸೌಜನ್ಯ ತೋರಲಿ.'"

"ಇನ್ನೊಂದ್ಸಲ ಓದು."

ಅವಳು ಓದಿದಳು. ಸನ್ಮಾನಗಳಲ್ಲಿ, ಪದಕ ತೊಡಿಸುವವರ ಬಾಯಲ್ಲಿ ಎರ್ವಿನೋ ಬೇಕಾದಷ್ಟು ಹೊಗಳಿಕೆ ಕೇಳಿದ್ದ. ಎದುರಿಗಿದ್ದಾನೆಂದು ಹೇಳುವ ಮಾತುಗಳಲ್ಲಿ ಅರ್ಧವನ್ನು ಮರ್ಯಾದೆಯ ಲೆಕ್ಕಕ್ಕೆ ಕಳೆದುಬಿಡುತ್ತಿದ್ದ. ಇದನ್ನು ಬರೆದವರಿಗೆ ಅವನು ಕೇಳಿಸಿಕೊಳ್ಳುತ್ತಾನೆಂದು ಗೊತ್ತೇ ಇರಲಿಲ್ಲ. ಇದರಲ್ಲಿ ಕಳೆಯುವಂಥದ್ದು ಏನೂ ಇರಲಿಲ್ಲ. ಅವನ ಮನಸ್ಸು ತುಂಬಿ ಬಂತು, ಕಣ್ಣೂ ತುಂಬಿತು, ಒರೆಸಿಕೊಳ್ಳಲು ಕೈಯಲ್ಲಿದ್ದದ್ದು ಒದ್ದೆ ಟವೆಲ್.

ಲಿಚಿಯಾ ಪೀಚ್ ಹೋಳುಗಳ ತಟ್ಟೆ ಹಿಡಿದು ಬಂದಳು. "ಏನಾಯ್ತು? ಸಿಗಲಿಲ್ವಾ?"

"ಸಿಕ್ತು. ಆದ್ರೆ ಬೈದಿದ್ದಾರೆ."

"ಯಾರನ್ನ?"

"ನನ್ನನ್ನ."

"ಯಾಕಂತೆ?"

"ನನ್ನ ಬಗ್ಗೆ ಕೆಟ್ಟದಾಗಿ ಬರೆದೆನಲ್ಲ, ಅದಕ್ಕೆ."

ಲಿಚಿಯಾ ಯಾಸ್ನಾಳ ಮುಖ ನೋಡಿದಳು, ಆಮೇಲೆ ಗಂಡನ ಹಣೆ ಮುಟ್ಟಿ ನೋಡಿದಳು.

"ಬಿಸಿಲಿಗೆ ಟೋಪಿ ಹಾಕ್ಕೋ ಅಂದ್ರೆ ಕೇಳಲ್ಲ," ಎಂದು ಅವನ ಬಾಯಿಗೆ ಒಂದು ಹೋಳು ತುರುಕಿದಳು.